ಬರ್ಪೆ ಅಂದವಳು

ನಮ್ಮ ಕಡೆ ಚಳಿಗಾಲ ಎಂದರೆ ಬೆಳಗಿನ ಐದರಿಂದ ಏಳೂವರೆಯವರೆಗೆ, ಅಷ್ಟೇ. ಆಮೇಲೆ ಬರುವುದು ಮಾಮೂಲಿ ಸೆಕೆ. ಮಾರ್ಚ್ ತಿಂಗಳ ಮ್ಯಾರಥಾನ್‌ಗೆ ಹೆಸರು ಕೊಟ್ಟ ವರ್ಷ ನನ್ನ ಮೂರು ತಿಂಗಳ ತಯಾರಿಯೆಲ್ಲ ಆ ಎರಡೂವರೆ ಗಂಟೆಯ ಚಳಿಯೊಳಗೇ ನಡೆಯಬೇಕಿತ್ತು. ಆಗ ನನಗೆ ನಲವತ್ತನಾಲ್ಕು. ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ, ಕಾಪುವಿನಿಂದ ಮೂರು ಕಿಲೋಮೀಟರ್ ಒಳಗೆ ಮನೆ. ಬಸ್ಸಿನ ಹಿಂದೆ ಓಡಿದ್ದು ಬಿಟ್ಟರೆ ಬೇರೆ ಓಟ ಗೊತ್ತಿಲ್ಲದವಳು ನಾನು.

ಹುಚ್ಚು ಹಿಡಿಸಿದ್ದು ಆಫೀಸಿನ ಹುಡುಗಿಯರು. ಅವರದ್ದೊಂದು ಓಟದ ಗುಂಪು ಇತ್ತು. ಭಾನುವಾರ ಬೆಳಿಗ್ಗೆ ಮಣಿಪಾಲದಿಂದ ಹೊರಟು ಹಿರಿಯಡ್ಕದವರೆಗೆ ಓಡಿ, ಅಲ್ಲಿ ಬನ್ಸ್ ತಿಂದು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದರು. ಬನ್ಸಿನ ಆಸೆಗೆ ಹೋದವಳು ನಾನು, ಸುಳ್ಳು ಯಾಕೆ ಹೇಳಬೇಕು. ಒಂದು ವರ್ಷ ಕಳೆಯುವಷ್ಟರಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದರೂ ಸಾಯುವುದಿಲ್ಲ ಎಂದು ಗೊತ್ತಾಯಿತು. ಆಗ ಹಟ ಬಂತು. ಹಟ ನನಗೆ ಹುಟ್ಟುಗುಣ, ಹಟ ಹಿಡಿದರೆ ಮನೆಯಲ್ಲಿ ಅನ್ನ ಬೇಯುವುದೂ ನನ್ನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮವರು ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಾತು ಕಡಿಮೆ, ಕುಟುಕುವುದು ಜಾಸ್ತಿ. ಯಾರೂ ಅಟ್ಟಿಸಿಕೊಂಡು ಬಾರದೆ ಓಡುವ ಪ್ರಾಣಿ ಲೋಕದಲ್ಲಿ ನೀನೊಬ್ಬಳೇ ಎಂದು ದಿನಾ ತಮಾಷೆ ಮಾಡುತ್ತಿದ್ದರು. ಹಾಗೆ ಹೇಳಿದ ಮನುಷ್ಯನೇ ಕ್ರಿಸ್‌ಮಸ್‌ಗೆ ಓಟದ ಗಡಿಯಾರ ತಂದುಕೊಟ್ಟರು. ಎಷ್ಟು ದೂರ, ಎಷ್ಟು ವೇಗ, ಎದೆ ಎಷ್ಟು ಬಡಿಯಿತು, ಎಲ್ಲ ಅದು ಹೇಳುತ್ತಿತ್ತು. ಅಂದಿನಿಂದ ನನಗೆ ಕಣ್ಣು ರಸ್ತೆಯ ಮೇಲಲ್ಲ, ಮಣಿಕಟ್ಟಿನ ಮೇಲೆ.

ವಾರದ ದಿನಗಳಲ್ಲಿ ಮನೆಯ ಸುತ್ತಲೇ ಓಡುತ್ತಿದ್ದೆ. ಮನೆಯಿಂದ ಹೊರಟು ಒಳರಸ್ತೆಯಲ್ಲಿ ಹಾಲಿನ ಡೈರಿ ದಾಟಿ, ಹೆದ್ದಾರಿ ದಾಟಿ, ಕಾಪು ಲೈಟ್‌ಹೌಸ್ ನೋಡಿ, ಇನ್ನೊಂದು ದಾರಿಯಲ್ಲಿ ಮನೆಗೆ. ಸರಿಯಾಗಿ ಎಂಟು ಕಿಲೋಮೀಟರ್. ಎರಡನೆಯ ಕಿಲೋಮೀಟರ್ ಮುಗಿಯುವಲ್ಲಿ ರಸ್ತೆಗೆ ತಾಗಿಯೇ ಹಾಲಿನ ಅಕ್ಕನ ಮನೆ.

ಅರವತ್ತು ದಾಟಿದ ಹೆಂಗಸು. ಗಂಡ ಮದುವೆ ಅಡುಗೆಯವರು, ಸೀಸನ್ನಿನಲ್ಲಿ ಮನೆಗಿಂತ ಹೆಚ್ಚು ಯಾರದ್ದಾದರೂ ಚಪ್ಪರದಲ್ಲೇ ಇರುವವರು. ಅಕ್ಕನದ್ದೊಂದು ದನ, ಜೆರ್ಸಿ ಮಿಶ್ರ, ಅವರ ಪ್ರಕಾರ ಊರಿನ ಅರ್ಧ ಜನರಿಗಿಂತ ಬುದ್ಧಿವಂತ. ಬೆಳಿಗ್ಗೆ ಐದಕ್ಕೆ ಹಟ್ಟಿಯಲ್ಲಿ ಬಲ್ಬು ಹೊತ್ತಿತೆಂದರೆ ಹಾಲು ಕರೆಯಲು ಕೂತರು ಎಂದೇ ಲೆಕ್ಕ. ಏಳಕ್ಕೆ ಮುಂಚೆ ಡೈರಿಗೆ ಹಾಲು ಮುಟ್ಟಬೇಕು. ಪ್ಯಾಕೆಟ್ ಹಾಲಿನ ಹೆಸರು ಹೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಯಾವ ದನ, ಯಾವಾಗ ಕರೆದದ್ದು, ಎಂತದ್ದೂ ಗೊತ್ತಿಲ್ಲದೆ ಜನ ಅದನ್ನು ಹೇಗೆ ಕುಡಿಯುತ್ತಾರೆ ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇ ಅದರ ಏಜೆಂಟ್ ಎಂಬ ಹಾಗೆ.

ನಾನು ಓಡುವುದು ಅವರಿಗೆ ಯಕ್ಷಗಾನದ ಹಾಸ್ಯದಷ್ಟೇ ಇಷ್ಟ. ನನ್ನ ಹೆಜ್ಜೆ ಕೇಳಿದ ಕೂಡಲೇ ಹಟ್ಟಿಯಿಂದ, "ಬಲಿಪುಲೆ ಬಾಯಮ್ಮ, ಬಲಿಪುಲೆ" ಎಂದು ಕೂಗುತ್ತಿದ್ದರು. ಬಲಿಪುಲೆ ಎಂದರೆ ತುಳುವಿನಲ್ಲಿ ಓಡಿ ಎಂದು. ಬಾಯಮ್ಮ ಎಂದರೆ ನಾನು, ನಮ್ಮ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಕರೆಯುವುದು ಹಾಗೆ. ಕೆಲವು ದಿನ ಮನಸ್ಸು ಬಂದರೆ "ಬಲೆ" ಎನ್ನುತ್ತಿದ್ದರು, ಬನ್ನಿ ಎಂದು. ಚಾ ಕುಡಿದು ಹೋಗಿ ಎಂಬುದು ಅದರ ಹಿಂದಿನ ಮಾತು. ಬಲಿಪುಲೆಗೆ ನಾನು ಕೈ ಎತ್ತುವುದು ಮಾತ್ರ, ಬಲೆ ಎಂದರೆ ಕೈ ಎತ್ತಿ "ಬರ್ಪೆ" ಎನ್ನುವುದು, ಎರಡಕ್ಕೂ ನಿಲ್ಲದೆ ಹೋಗುವುದು.

ಈ ಬರ್ಪೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬರ್ಪೆ ಎಂದರೆ ಬರುತ್ತೇನೆ. ಆದರೆ ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ಹೋಗುತ್ತೇನೆ ಎನ್ನಬಾರದು. ತುಳುವಿರಲಿ, ಕೊಂಕಣಿಯಿರಲಿ, ಕನ್ನಡವಿರಲಿ, ಬರುತ್ತೇನೆ ಎಂದೇ ಹೇಳಿ ಹೋಗಬೇಕು. ಚಿಕ್ಕಂದಿನಲ್ಲಿ ಒಮ್ಮೆ ಬಾಯಿ ತಪ್ಪಿ ಹೋಗುತ್ತೇನೆ ಎಂದದ್ದಕ್ಕೆ ನನ್ನ ಅಮ್ಮ ಹೊಸ್ತಿಲಿನಿಂದ ವಾಪಸ್ಸು ಕರೆದು, ಕೂರಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದರು. ಹೀಗೆ ಬರುತ್ತೇನೆ ಎಂಬುದು ಬರುವವರ ಮಾತೂ ಹೌದು, ಹೋಗುವವರ ಮಾತೂ ಹೌದು. ಯಾವುದು ಯಾವಾಗ ಎಂಬುದು ಕೇಳುವವರಿಗೆ ಮುಖ ನೋಡಿದರೆ ಗೊತ್ತಾಗುತ್ತದೆ.

ಮ್ಯಾರಥಾನ್‌ಗೆ ಮೊದಲು ಒಮ್ಮೆಯಾದರೂ ಮೂವತ್ತೆರಡು ಕಿಲೋಮೀಟರ್ ಓಡಬೇಕು ಎಂಬುದು ಓಡುವವರ ಶಾಸ್ತ್ರ. ನಮ್ಮ ಗುಂಪು ಫೆಬ್ರವರಿಯ ಒಂದು ಭಾನುವಾರ ಮಣಿಪಾಲದಿಂದ ಕಾರ್ಕಳದವರೆಗೆ ಓಡಿ ಅದನ್ನು ಮುಗಿಸಿತು. ನನಗೆ ಹೋಗಲಾಗಲಿಲ್ಲ, ಆ ದಿನ ಚರ್ಚಿನಲ್ಲಿ ತೀರಿಹೋದ ಅತ್ತೆಯವರ ವರ್ಷದ ಪೂಜೆ ಇತ್ತು. ಹುಡುಗಿಯರು ಕಾರ್ಕಳದ ಬೆಟ್ಟದ ಕೆಳಗೆ ನಿಂತು ತೆಗೆದ ಫೋಟೋ ಕಳಿಸಿದರು. ಚರ್ಚಿನ ಬೆಂಚಿನಲ್ಲಿ ಕೂತು ಅದನ್ನು ನೋಡಿ ಹೊಟ್ಟೆ ಉರಿದುಕೊಂಡೆ. ಮುಂದಿನ ಶನಿವಾರ ರಜೆ ಹಾಕಿದೆ. ಯಾರ ಹಂಗೂ ಬೇಡ, ಮನೆಯ ಸುತ್ತಿನಲ್ಲೇ ನಾಲ್ಕು ಸುತ್ತು, ಎಂಟು ನಾಲ್ಕಲಿ ಮೂವತ್ತೆರಡು. ನಡುವೆ ಎಲ್ಲಿಯೂ ನಿಲ್ಲುವುದಿಲ್ಲ ಎಂದು ನಮ್ಮವರ ಎದುರು ಹೇಳಿಯೂ ಆಯಿತು. ಹೇಳಬಾರದಿತ್ತು.

ಐದಕ್ಕೆ ಹೊರಟೆ. ಮೊದಲ ಸುತ್ತಿನಲ್ಲಿ ಹಟ್ಟಿಯ ಬಲ್ಬು ಉರಿಯುತ್ತಿತ್ತು, ಬಲಿಪುಲೆ ಎಂಬ ಕೂಗೂ ಬಂತು. ಎರಡನೆಯ ಸುತ್ತಿಗೆ ಅಲ್ಲಿಗೆ ಬರುವಾಗ ಆರು ಗಂಟೆ ಹತ್ತು ನಿಮಿಷ. ಮಂಜು ಇತ್ತು. ಹಟ್ಟಿಯ ಕಡೆಯಿಂದ ಅಕ್ಕನ ಸ್ವರ ಕೇಳಿಸಿತು. "ಬಲೆ ಬಾಯಮ್ಮ" ಎಂದರು. ಸ್ವಲ್ಪ ತಡೆದು ಮತ್ತೆ, "ಬಲೆ."

ನಾನು ಕೇಳಿದ್ದು ಅದನ್ನೇ. ಕಿವಿಗೆ ಯಾವ ವಯರೂ ಹಾಕಿರಲಿಲ್ಲ, ಗಾಳಿ ಇರಲಿಲ್ಲ, ವಾಹನ ಇರಲಿಲ್ಲ. ಸ್ವರ ನೆಲದ ಮಟ್ಟದಿಂದ ಬಂದ ಹಾಗಿತ್ತು, ದಿನದಷ್ಟು ಗಟ್ಟಿ ಇರಲಿಲ್ಲ. ಅದೂ ನನಗೆ ಗೊತ್ತಾಯಿತು. ಗೊತ್ತಾದದ್ದು ಮನಸ್ಸಿನ ಒಳಗೆ ಕೂರುವ ಮೊದಲೇ ಗಡಿಯಾರ ನೋಡಿದೆ. ಆ ಕಿಲೋಮೀಟರ್ ಇಡೀ ತಿಂಗಳಲ್ಲೇ ಚೆನ್ನಾಗಿ ಬಂದಿತ್ತು. ಚಾಕ್ಕೇ ಕರೆಯುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡು, ಕೈ ಎತ್ತಿ, ದೊಡ್ಡ ಸ್ವರದಲ್ಲಿ "ಬರ್ಪೆ" ಎಂದು ಕೂಗಿ ಮುಂದೆ ಹೋದೆ. ಅವರು ಮತ್ತೆ ಕರೆಯಲಿಲ್ಲ. ಕರೆಯದೆ ಇದ್ದದ್ದರಿಂದ ನನಗೆ ಸಮಾಧಾನವೂ ಆಯಿತು. ನೋಡಿದಿಯಾ, ಅರ್ಜೆಂಟಿನದ್ದು ಏನೂ ಅಲ್ಲ, ಎಂದುಕೊಂಡೆ.

ಮೂರನೆಯ ಸುತ್ತಿನಲ್ಲಿ ಗೇಟಿನ ಎದುರು ಆಟೋ ನಿಂತಿತ್ತು. ಏಳಾಗುತ್ತಾ ಬಂದರೂ ಹಾಲು ಬಾರದ್ದನ್ನು ಕಂಡು ಡೈರಿಯವರು ಹುಡುಕಿಕೊಂಡು ಬಂದಿದ್ದರು. ಅಕ್ಕ ಹಟ್ಟಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆರು ಗಂಟೆಯಿಂದ ಅಲ್ಲೇ ಬಿದ್ದಿದ್ದರು. ಗಂಡ ಪೆರ್ಡೂರಿನ ಕಡೆ ಮದುವೆಯ ಅಡುಗೆಗೆ ಹೋಗಿದ್ದರು. ನಾನು ಓಡಿ ಬಂದವಳು ಮೊದಲು ಗಡಿಯಾರದ ಗುಂಡಿ ಒತ್ತಿ ಸಮಯ ನಿಲ್ಲಿಸಿದೆ, ಆಮೇಲೆ ಗೇಟು ತೆಗೆದೆ. ಯಾರೂ ಅದನ್ನು ನೋಡಲಿಲ್ಲ. ನಾನು ನೋಡಿದೆ.

ಅವರನ್ನು ಆಟೋದಲ್ಲಿ ಮಲಗಿಸುತ್ತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಬಲಗೈಗೆ ಸೀರೆಯ ಸೆರಗು ಸುತ್ತಿತ್ತು, ಅದು ಕೆಂಪಾಗಿತ್ತು. ಪಕ್ಕದ ಮನೆಯ ಹೆಂಗಸು ನನ್ನ ಕಡೆ ತಿರುಗಿ, ನೀವು ಈ ದಾರಿಯಲ್ಲೇ ಓಡುವುದಲ್ಲವಾ, ಎಂತದೂ ಕೇಳಲಿಲ್ಲವಾ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಉಂಟಲ್ಲ, ನಾನು ಅವನಿಗಿಂತ ಚುರುಕು. ಕೇಳಿದ್ದು ಹೌದು, ಆದರೆ ದಿನದ ಹಾಗೆ ಬಲಿಪುಲೆ ಎಂದ ಹಾಗೆ ಕೇಳಿತು ಎಂದುಬಿಟ್ಟೆ. ಬಲೆ, ಬಲಿಪುಲೆ. ಅಷ್ಟು ಹತ್ತಿರದ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡ ಭಾಷೆಯನ್ನು ಆ ಕ್ಷಣ ನಾನು ಹೊಗಳಿದೆ. ಎಲ್ಲರೂ ಒಪ್ಪಿಕೊಂಡರು. ಅಕ್ಕ ನನ್ನ ಕಡೆ ನೋಡಿದರು. ದನಕ್ಕೆ ನೀರು ಕೊಡಿ ಎಂದು ಪಕ್ಕದ ಮನೆಯವರಿಗೆ ಹೇಳಿದರು. ಆಟೋ ಹೊರಟಿತು.

ಇನ್ನೊಂದು ವಿಷಯ ಬರೆಯದೆ ಬಿಡಬಹುದಿತ್ತು. ಉಳಿದ ಹದಿನಾಲ್ಕು ಕಿಲೋಮೀಟರ್ ನಾನು ಓಡಿದೆ. ಆಸ್ಪತ್ರೆಗೆ ಜನ ಹೋಗಿದ್ದಾರೆ, ಗಂಡನಿಗೆ ಫೋನ್ ಹೋಗಿದೆ, ಈಗ ನಾನು ಇಲ್ಲಿ ನಿಂತು ಮಾಡುವುದೇನು ಎಂದು ಕಾರಣ ಕೊಟ್ಟುಕೊಂಡು ಗುಂಡಿ ಒತ್ತಿ ಓಡಿದೆ. ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಓಟ ಜಾಸ್ತಿಯಾದದ್ದಕ್ಕೆ ಎಂದು ಅವರು ಲಿಂಬೆ ಶರಬತ್ತು ಮಾಡಿಕೊಟ್ಟರು.

ಉಡುಪಿಯ ಆಸ್ಪತ್ರೆಯಲ್ಲಿ ಅಕ್ಕನಿಗೆ ಆಪರೇಷನ್ ಆಯಿತು. ಎರಡು ದಿನ ಬಿಟ್ಟು ಮೂಸಂಬಿ ಹಿಡಿದುಕೊಂಡು ಹೋದೆ. ಅವರು ಮಂಪರಿನಲ್ಲಿದ್ದರು. ಗಂಡನೇ ನನ್ನನ್ನು ಸಮಾಧಾನ ಮಾಡಿದರು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಬಾಯಮ್ಮ, ಮೂಳೆ ಬಿದ್ದ ಕೂಡಲೇ ಮುರಿದದ್ದು, ಒಂದು ಗಂಟೆ ಮೊದಲು ತಂದಿದ್ದರೂ ಇದೇ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಮಲಗುವಾಗ ಅದನ್ನೇ ಹೇಳಿಕೊಂಡೆ. ಬಲಗೈಯ ಬ್ಯಾಂಡೇಜಿನ ಬಗ್ಗೆ ನಾನು ಕೇಳಲಿಲ್ಲ. ಬೀಳುವಾಗ ಆದ ಗಾಯ ಎಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೆಯೇ ತಿಳಿದುಕೊಂಡೆ.

ಅಷ್ಟರಲ್ಲಿ ತಪಸ್ಸು ಕಾಲ ಶುರುವಾಯಿತು. ಈಸ್ಟರಿಗೆ ಮುಂಚಿನ ಈ ನಲವತ್ತು ದಿನಗಳಲ್ಲಿ ಕುಮ್ಸಾರ್, ಎಂದರೆ ಪಾದ್ರಿಯವರ ಹತ್ತಿರ ಪಾಪ ಒಪ್ಪಿಕೊಳ್ಳುವುದು, ನಮಗೆ ಕಡ್ಡಾಯವಿದ್ದ ಹಾಗೆ. ಜಾಲರಿಯ ಎದುರು ಮೊಣಕಾಲೂರಿ, ಒಬ್ಬರು ಸಹಾಯಕ್ಕೆ ಕರೆದಾಗ ನನಗೆ ಸರಿಯಾಗಿ ಕೇಳಿಸಲಿಲ್ಲ ಫಾದರ್ ಎಂದೆ. ಕೇಳಿಸದೆ ಇದ್ದದ್ದು ಪಾಪ ಅಲ್ಲ ಎಂದರು. ಅವರಾದರೂ ಏನು ಮಾಡಿಯಾರು, ನಾನು ಕೊಟ್ಟ ಸಾಮಾನಿಗೆ ತಕ್ಕ ತೂಕ ಹೇಳಿದರು. ಕುಮ್ಸಾರಿನಲ್ಲಿ ಸುಳ್ಳು ಹೇಳಿದವಳು ಎಂಬ ಇನ್ನೊಂದನ್ನು ಸೇರಿಸಿಕೊಂಡು ಹೊರಗೆ ಬಂದೆ.

ಆಮೇಲೆ ಆ ರಸ್ತೆಯಲ್ಲಿ ಓಡಲಿಲ್ಲ. ಸಂಜೆ ಆಫೀಸು ಬಿಟ್ಟ ಮೇಲೆ ಮಣಿಪಾಲದ ಏರಿನಲ್ಲೇ ಓಡಿ ಕೊನೆಯ ಮೂರು ವಾರ ಮುಗಿಸಿದೆ. ಕಾಪು ಪೇಟೆಯಲ್ಲಿ ಸಿಕ್ಕಿದವರು ಸುದ್ದಿ ಹೇಳುತ್ತಿದ್ದರು. ಅಕ್ಕ ಮನೆಗೆ ಬಂದರಂತೆ, ವಾಕರ್ ಹಿಡಿದು ನಡೆಯುತ್ತಾರಂತೆ. ದನವನ್ನು ಬಜಗೋಳಿಯ ಕಡೆಯವರು ಟೆಂಪೋ ತಂದು ಕೊಂಡುಹೋದರಂತೆ. ಆ ಹೊತ್ತಿಗೆ ಅಕ್ಕ ಅಂಗಳಕ್ಕೆ ಬರಲೇ ಇಲ್ಲವಂತೆ. ಸೊಂಟ ಸರಿಯಾಗುವವರೆಗೆ ದನವನ್ನು ಯಾರ ಹಟ್ಟಿಯಲ್ಲಾದರೂ ಇಡಬಹುದಿತ್ತಲ್ಲ, ಮಾರುವಂಥದ್ದು ಎಂತ ಎಂದು ನನಗೆ ಸಿಟ್ಟೂ ಬಂತು. ಯಾರ ಮೇಲೆ ಬಂದ ಸಿಟ್ಟೋ.

ಮ್ಯಾರಥಾನ್ ಓಡಿದೆ. ಘಟ್ಟದ ಮೇಲಿನ ಊರು, ತಂಪು ಹವೆ, ದಾರಿಯ ಎರಡೂ ಕಡೆ ಗುರುತಿಲ್ಲದ ಜನ ನಿಂತು ಬನ್ನಿ ಮೇಡಂ, ಬನ್ನಿ, ಇನ್ನು ಸ್ವಲ್ಪವೇ ಎಂದು ಕೂಗುತ್ತಿದ್ದರು. ಬನ್ನಿ ಎಂಬ ಮಾತು ಕಿವಿಗೆ ಬಿದ್ದಲ್ಲೆಲ್ಲ ನನ್ನ ಕಾಲು ತಡವರಿಸಿತು. ನಾಲ್ಕು ಗಂಟೆ ಐವತ್ತೆರಡು ನಿಮಿಷ. ಕೊರಳಿಗೆ ಪದಕ ಹಾಕಿದರು. ಆಫೀಸಿನ ಹುಡುಗಿಯರು ಅಪ್ಪಿಕೊಂಡರು, ನಾನು ಅತ್ತೆ. ಸಂತೋಷಕ್ಕೆ ಎಂದು ಅವರು ಫೋಟೋ ತೆಗೆದರು.

ಪದಕ ಸಿಕ್ಕಿದರೆ ಮೊದಲು ನನಗೆ ತೋರಿಸಬೇಕು ಎಂದು ಅಕ್ಕ ಡಿಸೆಂಬರಿನಲ್ಲೇ ಹೇಳಿದ್ದರು. ಊರಿಗೆ ಬಂದು ಎಂಟು ದಿನ ಅದನ್ನು ಕಪಾಟಿನಲ್ಲಿ ಇಟ್ಟೆ. ಒಂಬತ್ತನೆಯ ದಿನ ಸಂಜೆ ಬ್ಯಾಗಿಗೆ ಹಾಕಿಕೊಂಡು ಹೋದೆ. ಇವತ್ತು ನಿಜ ಹೇಳುವುದೇ ಎಂದು ನಿಶ್ಚಯ ಮಾಡಿ ಹೋದೆ.

ಅಕ್ಕ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ವಾಕರ್ ಪಕ್ಕದಲ್ಲಿತ್ತು. ಗಂಡ ಅಡುಗೆಗೆ ಹೋಗಿದ್ದರು. ನನ್ನನ್ನು ಕಂಡು ಮುಖ ಅರಳಿತು, ಅದನ್ನು ಕಂಡು ನನ್ನ ನಿಶ್ಚಯ ಅರ್ಧವಾಯಿತು. ಪದಕ ಕೇಳಿದರು. ಎಡಗೈಯಲ್ಲಿ ತೆಗೆದುಕೊಂಡು ತೂಗಿ ನೋಡಿದರು. ಬಲಗೈ ಮಡಿಲಲ್ಲಿ ಇತ್ತು. ನಡುವಿನ ಮೂರು ಬೆರಳು ನೆಟ್ಟಗೆ ನಿಂತಿದ್ದವು, ಮಡಚುತ್ತಿರಲಿಲ್ಲ. ಎಷ್ಟು ಹೊತ್ತು ಓಡಿದ್ದು ಎಂದು ಕೇಳಿದರು. ಹೇಳಿದೆ.

"ಅಯ್ಯೋ ದೇವರೇ, ಅಷ್ಟು ಹೊತ್ತು! ನಾನು ಒಂದು ಗಂಟೆ ಬಿದ್ದದ್ದಕ್ಕೇ ಸಾಕಾಗಿ ಹೋಯ್ತು," ಎಂದು ನಕ್ಕರು.

ನನಗೆ ಇನ್ನು ತಡೆಯಲು ಆಗಲಿಲ್ಲ. ಅಕ್ಕ, ಅವತ್ತು ನೀವು ಕರೆದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು, ಬಲಿಪುಲೆ ಎಂದು ಕೇಳಿತು ಎಂದದ್ದು ಸುಳ್ಳು ಎಂದೆ. ಹೇಳುವಾಗ ನೆಲ ನೋಡುತ್ತಿದ್ದೆ.

"ಅದು ನನಗೆ ಗೊತ್ತುಂಟು ಬಾಯಮ್ಮ," ಎಂದರು. "ಬಲಿಪುಲೆ ಅಂದರೆ ಯಾರಾದರೂ ಬರ್ಪೆ ಅಂತಾರಾ? ನೀವು ಬರ್ಪೆ ಅಂದ್ರಿ. ಹಾಗೆ ನಾನು ಮತ್ತೆ ಕರೆಯಲಿಲ್ಲ. ಬರ್ತೇನೆ ಅಂದವರನ್ನು ಪುನಃ ಪುನಃ ಕರೆದರೆ ಅವಸರ ಮಾಡಿದ ಹಾಗೆ ಆಗ್ತದೆ, ಅಲ್ವಾ?"

ಅವರ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕೈ ಹೇಗಾಯಿತು ಎಂದು ಆಗ ಕೇಳಿದೆ, ಕೇಳಬೇಕಾದ್ದನ್ನು ಕೇಳಲು ಒಂದು ತಿಂಗಳು ತೆಗೆದುಕೊಂಡವಳು.

"ಹಟ್ಟಿಯ ಬಾಗಿಲಿಗೆ ಅಡ್ಡ ಬಿದಿರು ಹಾಕಿತ್ತು. ನೀವು ಬಂದರೆ ದಾಟಲಿಕ್ಕೆ ಕಷ್ಟ ಅಂತ ಮಲಗಿದಲ್ಲಿಂದಲೇ ಕೈ ಚಾಚಿ ಸರಿಸಲಿಕ್ಕೆ ಹೋದೆ. ದನ ಹೆದರಿ ಕೈ ಮೇಲೆ ಕಾಲಿಟ್ಟಿತು. ಅದರದ್ದು ತಪ್ಪಲ್ಲ ಪಾಪ, ಅದಕ್ಕೆ ಎಂತ ಗೊತ್ತು."

ಹಾಲು ಕರೆಯುವ ಕೈ ಅದು. ಸೊಂಟ ಸರಿಯಾಗುವವರೆಗೆ ಕಾಯದೆ ದನವನ್ನು ಯಾಕೆ ಮಾರಿದರು ಎಂಬುದು ಆಗ ಗೊತ್ತಾಯಿತು. ಡಾಕ್ಟರು ಹೇಳಿದ ಸಮಾಧಾನ ಸೊಂಟಕ್ಕೆ ಮಾತ್ರ. ಬೆರಳು ಹೋದದ್ದು ನಾನು ಹಾಗೆ ಕೂಗಿ ಹೋದ ಮೇಲೆ, ನನಗೆ ದಾರಿ ಮಾಡಿಕೊಡಲು. ತಪ್ಪಾಯಿತು ಎಂದೆ. ಎರಡು ಸಲ ಹೇಳಿದೆ. ಆಯ್ತು ಬಿಡಿ ಎಂದರು, ಅವರೂ ಎರಡು ಸಲ. ಅವರ ಕಣ್ಣು ಖಾಲಿ ಹಟ್ಟಿಯ ಕಡೆ ಇತ್ತು. ಕ್ಷಮಿಸಿದರೋ, ಮಾತು ಸಾಕು ಎಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕತ್ತಲಾಗುತ್ತಾ ಬಂತು. ಎದ್ದು ನಿಂತೆ, ಆದರೆ ಹೊರಡುವ ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳುವ ಮುಖ ನನಗೆ ಎಲ್ಲಿತ್ತು? ಹೋಗುತ್ತೇನೆ ಎನ್ನುವ ಹಾಗೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಮೆಟ್ಟಿಲಿಳಿಯಲು ಹೋದೆ.

"ಹೇಳದೆ ಹೋಗಬಾರದು ಬಾಯಮ್ಮ," ಎಂದರು ಅಕ್ಕ ಹಿಂದಿನಿಂದ.

ಬರ್ಪೆ ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಆ ರಸ್ತೆಯಲ್ಲಿ ನಡೆದುಕೊಂಡು ಹೋದೆ. ಹಟ್ಟಿಯ ಬಲ್ಬು ಇರಲಿಲ್ಲ, ಅಡುಗೆಮನೆಯದ್ದು ಉರಿಯುತ್ತಿತ್ತು. ದನ ಹೋದರೂ ಅಕ್ಕನಿಗೆ ಏಳುವ ಹೊತ್ತು ತಪ್ಪಿರಲಿಲ್ಲ. ಬಾಗಿಲು ತಟ್ಟಿದೆ. ವಾಕರ್ ಸರಿಸಿಕೊಂಡು ಬಂದು ಬಾಗಿಲು ತೆಗೆಯಲು ಸುಮಾರು ಹೊತ್ತು ಹಿಡಿಯಿತು. ಇಷ್ಟು ಬೇಗ ಎಂತ ಬಾಯಮ್ಮ, ಎಂತಾದರೂ ಆಯಿತಾ ಎಂದು ಗಾಬರಿಯಲ್ಲಿ ಕೇಳಿದರು.

"ನಿನ್ನೆ ಬರ್ತೇನೆ ಅಂದಿದ್ದೆ ಅಲ್ವಾ ಅಕ್ಕ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಹಾಗಾದರೆ ಚಾ ನೀವೇ ಮಾಡಿ," ಎಂದರು. "ಹಾಲು ಫ್ರಿಜ್ಜಿನಲ್ಲಿ ಉಂಟು, ಪ್ಯಾಕೆಟ್. ಅದನ್ನು ಕತ್ತರಿಸಲಿಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ."

ಕತ್ತರಿ ಎಲ್ಲಿದೆ ಎಂದು ಕೇಳಿದೆ. ಕಿಟಕಿಯ ಹತ್ತಿರ ಎಂದರು.